ಗುರುಬಸಮ್ಮ ಬರೆದುಕೊಂಡ ಹಳದಿ ಅನ್ನ

ಬಳ್ಳಾರಿಯ ಆ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನರ್ಸುಗಳ ಮೇಜಿನ ಮೇಲೆ ಎರಡು ಪುಸ್ತಕಗಳಿರುತ್ತವೆ. ಒಂದು ಆಸ್ಪತ್ರೆಯವರು ಕೊಟ್ಟ ಉದ್ದನೆಯ ರಿಜಿಸ್ಟರು. ಹೆಸರು, ವಯಸ್ಸು, ಊರು, ಕಾಯಿಲೆ ಎಂದು ಅದಕ್ಕೆ ಗೆರೆ ಎಳೆದು ಮನೆ ಮಾಡಿದೆ. ಇನ್ನೊಂದು ನೂರು ಪುಟದ ಶಾಲೆಯ ನೋಟುಬುಕ್ಕು, ಹಿಂದಿನ ರಟ್ಟಿನ ಮೇಲೆ ಮಗ್ಗಿ ಅಚ್ಚಾಗಿರುವಂಥದ್ದು. ಅದು ಗುರುಬಸಮ್ಮ ಸಿಸ್ಟರದು. ಅದಕ್ಕೆ ಗೆರೆಯೂ ಇಲ್ಲ, ಮನೆಯೂ ಇಲ್ಲ. ಬಂದ ರೋಗಿ ಬಾಯಿಬಿಟ್ಟು ಏನು ಹೇಳಿದರೋ ಅದನ್ನು ಅವರದೇ ಮಾತಿನಲ್ಲಿ ಒಂದು ಸಾಲು ಬರೆದಿಡುತ್ತಾರೆ, ಅಷ್ಟೆ.

"ಎದಿ ಮ್ಯಾಲ ಒಳ್ಳಕಲ್ಲು ಇಟ್ಟಂಗಾಗೈತಿ." "ನಾಲಿಗಿ ಒಣಗಿ ಅರಳಿ ಆಗೈತಿ, ಗ್ವಾಡಿ ಮ್ಯಾಲ ಇರುವಿ ಹರದಾಡತಾವ." "ನನ್ನ ಕಾಲು ನನ್ನವಲ್ಲ."

ಹೊಸದಾಗಿ ಬಂದ ಎಳೆಯ ಡಾಕ್ಟರುಗಳು ಅದನ್ನು ತಿರುವಿ ನೋಡಿ ನಗುತ್ತಾರೆ. "ಸಿಸ್ಟರ್, ಏನು, ಕಥಿ ಬರೀತೀರಾ?" ಎಂದು ಕೇಳುತ್ತಾರೆ. ಗುರುಬಸಮ್ಮ ತಲೆ ಎತ್ತದೆ, "ಕಥಿ ಅವರದು, ಅಕ್ಷರ ನಂದು" ಎನ್ನುತ್ತಾರೆ. ಗೋಡೆಯ ಮೇಲೆ ಇರುವೆ ಕಂಡ ಆ ಮುದುಕನನ್ನು ಮನೆಯವರು ತಲೆ ಕೆಟ್ಟಿದೆ ಎಂದು ಕರೆತಂದಿದ್ದರು. ತುರಿಕೆಗೆಂದು ಅಂಗಡಿಯಿಂದ ತಂದ ಮಾತ್ರೆಯನ್ನು ಆತ ಒಂದೇ ದಿನ ಎಂಟು ನುಂಗಿದ್ದ ಎನ್ನುವುದು ಗೊತ್ತಾದದ್ದು ಆ ಸಾಲಿನಿಂದ. ಒಣಗಿದ ನಾಲಿಗೆ, ಹಿಗ್ಗಿದ ಕಣ್ಣಪಾಪೆ, ಇಲ್ಲದ ಇರುವೆ: ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಮಾತ್ರ ಅದು ವಿಷ ಎಂದು ಹೊಳೆಯುತ್ತದೆ. ಬಿಡಿಬಿಡಿಯಾಗಿ ನೋಡಿದರೆ ಅದು ಬರೀ ಮುದುಕನ ಹಟ.

ಗುರುಬಸಮ್ಮನ ಹುಟ್ಟೂರು ಕುರುಗೋಡು. ಅವರ ಅಪ್ಪ ಅಲ್ಲಿಯ ಮಾರುಕಟ್ಟೆಯಲ್ಲಿ ದಬ್ಬಣ ಹಿಡಿದು ಚೀಲದ ಬಾಯಿ ಹೊಲಿಯುವ ಕೆಲಸ ಮಾಡುತ್ತಿದ್ದರು. ಹೊಲಿಯುವ ಮುಂಚೆ ಪ್ರತಿ ಚೀಲಕ್ಕೂ ಮೊಣಕೈವರೆಗೆ ಕೈ ಇಳಿಸಿ, ತಳದ ಕಾಳು ಮೇಲೆ ತಂದು ನೋಡುತ್ತಿದ್ದರು. ಅದು ಅವರ ಕೆಲಸವಲ್ಲ, ಯಾರೂ ಹೇಳಿದ್ದೂ ಅಲ್ಲ. "ಮ್ಯಾಲಿಂದು ಎಲ್ಲಾರಿಗೂ ಕಾಣತೈತಿ" ಎನ್ನುತ್ತಿದ್ದರಂತೆ. ಮನೆಯಲ್ಲಿ ಎಸ್ಸೆಸ್ಸೆಲ್ಸಿ ದಾಟಿದ ಮೊದಲನೆಯವರು ಗುರುಬಸಮ್ಮ. ಬಳ್ಳಾರಿಯಲ್ಲಿ ನರ್ಸಿಂಗ್ ಕಲಿತು, ಮೊದಲ ಕೆಲಸಕ್ಕೆ ಸಿರುಗುಪ್ಪದ ಕಡೆಯ ಒಂದು ಸಣ್ಣ ಆಸ್ಪತ್ರೆಗೆ ಹೋದರು. ಆಗ ಅವರಿಗೆ ಇಪ್ಪತ್ತಮೂರು ವರ್ಷ.

ನೋಟುಬುಕ್ಕು ಶುರುವಾದದ್ದು ಅಲ್ಲಿ, ಒಂದು ತಪ್ಪಿನಿಂದ. ದೊಡ್ಡಬಸಪ್ಪ ಎಂಬ ನಿವೃತ್ತ ಮೇಷ್ಟ್ರು ಒಂದು ದಿನ ಮಗನ ಜೊತೆ ಬಂದರು. "ದೀಪದ ಸುತ್ತ ಹಳದಿ ಉಂಗುರ ಕಾಣತೈತವ್ವ, ಹೊಟ್ಟಿ ತೊಳಸತೈತಿ" ಎಂದರು. ಪಕ್ಕದಲ್ಲಿದ್ದ ಮಗ, "ಏನಿಲ್ಲ, ಕಣ್ಣಿಗೆ ಪೊರಿ ಬಂದೈತಿ" ಎಂದ. ಗುರುಬಸಮ್ಮ ಚೀಟಿಯಲ್ಲಿ "ಕಣ್ಣಿನ ಪೊರೆ, ಅಜೀರ್ಣ" ಎಂದು ಬರೆದರು. ಚೀಟಿ ನೋಡಿದ ಡಾಕ್ಟರು ಅದಕ್ಕೆ ತಕ್ಕ ಔಷಧಿ ಕೊಟ್ಟು ಕಳಿಸಿದರು. ಮೂರನೆಯ ದಿನ ಮೇಷ್ಟ್ರು ತೀರಿಕೊಂಡರು.

ಆ ಆಸ್ಪತ್ರೆಯ ಹಳೆಯ ಕಾಂಪೌಂಡರ್ ಮಾರೆಣ್ಣ ಸುಮ್ಮನಿರಲಿಲ್ಲ. ಮೇಷ್ಟ್ರ ಮನೆಗೆ ಮಾತಾಡಿಸಲು ಹೋದವರು ಅವರ ಔಷಧಿ ಡಬ್ಬಿ ನೋಡಿ ಬಂದರು. ಹೃದಯದ ಬಡಿತ ಹದಕ್ಕೆ ತರುವ ಒಂದು ಮಾತ್ರೆ ಅದರಲ್ಲಿತ್ತು. ಬೇಕಾದಷ್ಟೇ ಕೊಟ್ಟರೆ ಜೀವ ಕಾಯುವ ಮಾತ್ರೆ. ಮೈಯಲ್ಲಿ ಸ್ವಲ್ಪ ಹೆಚ್ಚಾಗಿ ಉಳಿದರೆ ವಾಂತಿ, ನಿಧಾನವಾಗುವ ನಾಡಿ, ಮತ್ತು ಕೆಲವರಿಗೆ ಮಾತ್ರ ಕಣ್ಣೆದುರಿನ ಲೋಕವೆಲ್ಲ ಹಳದಿ. ಮಾರೆಣ್ಣ ಹಳೆಯ ಪುಸ್ತಕ ತೆಗೆದು ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದರು. ಬೈಯಲಿಲ್ಲ. "ನೋಡು ಕೂಸ, ಮೇಷ್ಟ್ರು ಉಂಗುರ ಅಂದಿದ್ರು. ನೀನು ಅವರ ಮಗ ಇಟ್ಟ ಹೆಸರು ಬರದಿ. ರೋಗಿ ಹೇಳಿದ್ದು ಬರಕೋ. ಹೆಸರು ಇಡೋದು ಆಮ್ಯಾಲ" ಎಂದರು. ಆ ಸಂಜೆಯೇ ಗುರುಬಸಮ್ಮ ಅಂಗಡಿಗೆ ಹೋಗಿ ಒಂದು ನೋಟುಬುಕ್ಕು ಕೊಂಡರು. ಮೊದಲ ಪುಟದ ಮೊದಲ ಸಾಲು: "ದೀಪದ ಸುತ್ತ ಹಳದಿ ಉಂಗುರ."

ಅದಾಗಿ ಇಪ್ಪತ್ತೆಂಟು ವರ್ಷದ ಮೇಲೆ, ಒಂದು ಮಂಗಳವಾರ ಬೆಳಿಗ್ಗೆ ಹತ್ತರ ಹೊತ್ತಿಗೆ, ಬಳ್ಳಾರಿಯ ಬಸ್ ನಿಲ್ದಾಣದಲ್ಲಿ ಕುಸಿದುಬಿದ್ದ ಒಬ್ಬ ಹೆಂಗಸನ್ನು ಆಟೋದಲ್ಲಿ ತುರ್ತು ವಿಭಾಗಕ್ಕೆ ತಂದರು. ಹೆಸರು ಕೊಟ್ರಮ್ಮ, ಎಪ್ಪತ್ತರ ಹತ್ತಿರ, ಸಿರುಗುಪ್ಪದವರು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ಜೊತೆಗೆ ಸೊಸೆ ಶೈಲಜಾ, ಮತ್ತು ಕೊಟ್ರಮ್ಮನ ತಮ್ಮ ಮರಿಬಸಪ್ಪ. ಮರಿಬಸಪ್ಪ ಹೆಗಲ ಮೇಲೆ ಟವೆಲು ಹಾಕಿದ ಗಟ್ಟಿ ಗಂಟಲಿನ ಮನುಷ್ಯ. ಅವನು ಒಳಗೆ ಕಾಲಿಡುವ ಮುಂಚೆಯೇ ಅವನ ಮಾತು ಒಳಗೆ ಬಂದಿತ್ತು.

"ಕಾಮಾಲಿ ರೀ, ಪಕ್ಕಾ ಕಾಮಾಲಿ! ಒಂದು ಗ್ಲೂಕೋಸ್ ಏರಿಸಿ ಕಳಿಸಿಬಿಡ್ರಿ. ಗಡಿ ಆಚಿ ಒಬ್ಬರು ಬೇರು ಅರದು ಕೊಡತಾರ. ಮಂಗಳವಾರ ಮಾತ್ರ, ಅದೂ ಹೊತ್ತು ನೆತ್ತಿಗೆ ಬರೋದರೊಳಗ ಹೋಗಬೇಕು. ಆಟೋ ನಿಲ್ಲಿಸೀನಿ."

ಆ ಹೊತ್ತಿನ ಡಾಕ್ಟರು ಶಾಂಭವಿ, ಕೆಲಸಕ್ಕೆ ಸೇರಿ ಎರಡು ತಿಂಗಳಾದ ಹುಡುಗಿ. ಬೈಕಿನಿಂದ ಬಿದ್ದವನೊಬ್ಬನ ತಲೆಗೆ ಹೊಲಿಗೆ ಹಾಕುತ್ತಿದ್ದಳು. ಪರದೆಯ ಹಿಂದಿನಿಂದಲೇ, "ಕಾಮಾಲೆ ಕೇಸಾ ಸಿಸ್ಟರ್? ಡ್ರಿಪ್ ಹಾಕಿ, ರಕ್ತ ತೆಗೆದು ಕಳಿಸಿ, ಬಂದೆ" ಎಂದಳು.

ಗುರುಬಸಮ್ಮ ರಿಜಿಸ್ಟರಿನ ಕಾಯಿಲೆಯ ಮನೆಯನ್ನು ಖಾಲಿ ಬಿಟ್ಟರು. ನೋಟುಬುಕ್ಕು ತೆಗೆದುಕೊಂಡು ಕೊಟ್ರಮ್ಮನ ಕಿವಿಯ ಹತ್ತಿರ ಬಗ್ಗಿದರು. "ಅಮ್ಮ, ನೀವು ಹೇಳ್ರಿ. ಏನಾಗತೈತಿ?"

ಕೊಟ್ರಮ್ಮ ಅರ್ಧ ಕಣ್ಣು ತೆರೆದು ಸೊಸೆಯ ಕಡೆ ನೋಡಿದರು. "ಈಕಿನ್ನ ಕೇಳವ್ವ. ಎಂಟು ದಿನ ಆತು, ಅನ್ನಕ್ಕ ಅರಿಷಿಣ ಹಾಕಾಕತ್ಯಾಳ."

"ಇಲ್ರೀ ಸಿಸ್ಟರ್!" ಶೈಲಜಾಳ ದನಿ ಒಡೆಯಿತು. "ಐದೈದು ನೀರಾಗ ಅಕ್ಕಿ ತೊಳದೀನಿ. ಪಾತ್ರಿ ಬದಲಾಯಿಸೀನಿ. ಅರಿಷಿಣದ ಡಬ್ಬಿನ ಎತ್ತಿ ಅಟ್ಟದ ಮ್ಯಾಲ ಇಟ್ಟೀನಿ."

"ನಲವತ್ತು ವರ್ಷ ಅಂಗಡ್ಯಾಗ ಕುಂತು ಅಕ್ಕಿ ನೋಡಿದಾಕಿ ನಾನು. ಅಂಗೈ ಮ್ಯಾಲ ನಾಕು ಕಾಳು ಹಾಕಿದರ ಯಾವ ಅಕ್ಕಿ, ಎಷ್ಟು ಹಳೇದು ಅಂತ ಹೇಳತೀನಿ. ನನಗ ಬಿಳಿ ಯಾವುದು, ಹಳದಿ ಯಾವುದು ಅಂತ ತಿಳಿಯಂಗಿಲ್ಲೇನು?"

"ನಾ ಹೇಳಲಿಲ್ಲೇನ್ರಿ?" ಎಂದ ಮರಿಬಸಪ್ಪ. "ಎಲ್ಲಾ ಹಳದಿ ಕಾಣತೈತಿ ಅಂದ್ರ ಕಾಮಾಲಿ ಅಲ್ಲದ ಮತ್ತೇನು? ಸಣ್ಣ ಹುಡುಗರಿಗೂ ಗೊತ್ತಿರೋ ಮಾತು. ಹೋದ ಮಂಗಳವಾರನೂ ಬೇರು ಕುಡಿಸಿದ್ವಿ. ಅಂದಿನಿಂದ ವಾಂತಿ ಬ್ಯಾರೆ ಸುರುವಾಗೈತಿ."

ಗುರುಬಸಮ್ಮನ ಕೈ ಅಷ್ಟರಲ್ಲಿ ಕೊಟ್ರಮ್ಮನ ಮಣಿಕಟ್ಟಿನ ಮೇಲಿತ್ತು. ನಾಡಿ ಎರಡು ಹೆಜ್ಜೆ ಇಟ್ಟು ನಿಲ್ಲುತ್ತಿತ್ತು, ಮತ್ತೆ ಏನೋ ನೆನಪಾದಂತೆ ಒಂದು ಹೆಜ್ಜೆ ಇಡುತ್ತಿತ್ತು. ಪೂರ್ತಿ ಒಂದು ನಿಮಿಷ ಎಣಿಸಿದರು. ನಲವತ್ತೆರಡು. ಹೆಬ್ಬೆರಳಿನಿಂದ ಕಣ್ಣಿನ ರೆಪ್ಪೆ ಕೆಳಕ್ಕೆ ಎಳೆದು ನೋಡಿದರು. ಕಣ್ಣಿನ ಬಿಳಿ, ತೊಳೆದ ಬಟ್ಟಲಿನಂತೆ ಬೆಳ್ಳಗಿತ್ತು.

"ನನ್ನ ಕೋಟಿನ ಬಣ್ಣ ಯಾವುದು ಅಮ್ಮ?" ಎಂದು ತಮ್ಮ ಬಿಳಿ ಕೋಟಿನ ಅಂಚು ಹಿಡಿದು ತೋರಿಸಿದರು.

"ನೀನೂ ಅರಿಷಿಣದ ನೀರಾಗ ಅದ್ದಿಕೊಂಡು ಬಂದೀಯಲ್ಲ" ಎಂದರು ಕೊಟ್ರಮ್ಮ. "ಆ ಲೈಟಿಗೂ ಸುತ್ತ ಬಳಿ ತೊಡಸ್ಯಾರ."

ಗುರುಬಸಮ್ಮನ ಪೆನ್ನು ಒಂದು ಗಳಿಗೆ ನಿಂತಿತು. ಬಳೆ. ಉಂಗುರ. ಇಪ್ಪತ್ತೆಂಟು ವರ್ಷದ ಹಿಂದಿನ ಮೇಷ್ಟ್ರು ಎದುರಿಗೆ ಬಂದು ನಿಂತಂತಾಯಿತು. ಆದರೂ ಬರೆದರು, ಹೇಳಿದ್ದನ್ನು ಹೇಳಿದ ಹಾಗೆಯೇ.

ಮರಿಬಸಪ್ಪ ಗಡಿಯಾರ ನೋಡಿದ. "ಸಿಸ್ಟರಮ್ಮ, ಬರಕೊಂಡಿದ್ದು ಸಾಕು. ಬಾಟಲಿ ನಾನ ಹಿಡಕೊಂತೀನಿ, ಆಟೋದಾಗ ಏರತಾ ಇರಲಿ. ಶೈಲಾ, ಅಕ್ಕನ್ನ ಎಬ್ಬಿಸು."

ವಾದ ಮಾಡಿದರೆ ಈ ಮನುಷ್ಯ ಇನ್ನಷ್ಟು ಬಿಗಿಯುತ್ತಾನೆ ಎಂದು ಗುರುಬಸಮ್ಮನಿಗೆ ಗೊತ್ತಿತ್ತು. ಎಬ್ಬಿಸಿ ಕೂರಿಸಿದರೆ ಈ ನಾಡಿ ಆಟೋದಲ್ಲೇ ನಿಂತುಹೋಗಬಹುದು ಎಂಬುದೂ ಗೊತ್ತಿತ್ತು.

"ನಿಮ್ಮೂರು ಯಾವುದ್ರಿ?" ಎಂದು ಕೇಳಿದರು.

"ಕುರುಗೋಡು."

"ನಾನೂ ಕುರುಗೋಡಿನಾಕಿನ. ಚೀಲ ಹೊಲೀತಿದ್ದರಲ್ಲ, ಅವರ ಮಗಳು."

"ಹೌದ?" ಮರಿಬಸಪ್ಪನ ಗಂಟಲು ಒಂದು ಮೆಟ್ಟಿಲು ಇಳಿಯಿತು. "ಅವರು ನಮ್ಮ ಚೀಲ ಹೊಲದಾರ. ಕೈ ಹಾಕದ ಬಿಡತಿರಲಿಲ್ಲ ಆ ಮನುಷ್ಯ."

"ಹಂಗಾರ ನೀವೂ ಒಂದು ಸಲ ಕೈ ಹಾಕಿ ನೋಡ್ರಿ. ನಿಮ್ಮ ಅಕ್ಕನ ಕಣ್ಣು ಹಳದಿ ಅದಾವೇನು?"

ಅವನು ಬಗ್ಗಿ ನೋಡಿದ. ಇನ್ನೊಂದು ಕಣ್ಣನ್ನೂ ನೋಡಿದ. "ಬೆಳ್ಳಗದಾವ" ಎಂದು ಒಪ್ಪಿಕೊಂಡು, ತಕ್ಷಣ, "ಹಳದಿ ಇನ್ನೂ ಒಳಗೈತಿ" ಎಂದ.

"ಆಗಲಿ. ನಿಮಗ ಎಂದಾದರೂ ಕಾಮಾಲಿ ಆಗಿತ್ತೇನು?"

"ಆಗಿತ್ರಿ, ಮದುವಿ ಆದ ವರ್ಷ. ಉಗುರು ಸೈತ ಹಳದಿ ಆಗಿದ್ವು."

"ಆವಾಗ ನಿಮಗ ಅನ್ನ ಯಾವ ಬಣ್ಣ ಕಾಣತಿತ್ತು?"

ಮರಿಬಸಪ್ಪ ಟವೆಲನ್ನು ಈ ಹೆಗಲಿನಿಂದ ಆ ಹೆಗಲಿಗೆ ಹಾಕಿಕೊಂಡ. ಮೂವತ್ತು ವರ್ಷದ ಹಿಂದಿನ ತಟ್ಟೆಯನ್ನು ಅವನು ನಿಜವಾಗಿಯೂ ನೆನಪು ಮಾಡಿಕೊಳ್ಳುತ್ತಿದ್ದ. "ಬೆಳ್ಳಗೇ ಇತ್ತಲ್ಲ..." ಎಂದ ಕೊನೆಗೆ, ತನಗೇ ಮೋಸವಾದವನಂತೆ. "ಮಜ್ಜಿಗಿ ಅನ್ನ ಉಣಸತಿದ್ದರು. ಬೆಳ್ಳಗೇ ಇತ್ತು ರೀ."

"ಹತ್ತು ನಿಮಿಷ ಕೊಡ್ರಿ ನನಗ."

ಅವನು ಹೋಗಿ ಬೆಂಚಿನ ಮೇಲೆ ಕೂತ.

ಗುರುಬಸಮ್ಮ ಪರದೆ ಸರಿಸಿ, ಕೊನೆಯ ಹೊಲಿಗೆಯ ದಾರ ಕತ್ತರಿಸುತ್ತಿದ್ದ ಶಾಂಭವಿಯ ಮುಂದೆ ನೋಟುಬುಕ್ಕು ಹಿಡಿದರು. ಕಾಯಿಲೆಯ ಹೆಸರನ್ನು ಅವರು ಬಾಯಿಂದ ಹೇಳಲಿಲ್ಲ. ಹೆಸರಿಡುವುದು ಡಾಕ್ಟರ ಕೆಲಸ ಎಂಬ ಶಿಸ್ತು ಅವರದು. ಜೊತೆಗೆ, ತಾನಾಗಿ ಕಂಡುಕೊಂಡದ್ದನ್ನು ಎಳೆಯ ಡಾಕ್ಟರು ಜನ್ಮದಲ್ಲಿ ಮರೆಯುವುದಿಲ್ಲ ಎಂಬ ಲೆಕ್ಕವೂ ಇತ್ತು. "ಇದೊಂದು ಓದ್ರಿ ಡಾಕ್ಟ್ರೆ" ಎಂದರು.

"ಅನ್ನ ಹಳದಿ. ಸಿಸ್ಟರ ಕೋಟು ಹಳದಿ. ಲೈಟಿನ ಸುತ್ತ ಬಳೆ. ಕಣ್ಣು ಬೆಳ್ಳಗಿವೆ. ನಾಡಿ 42, ತಪ್ಪುತ್ತದೆ. ವಾಂತಿ."

ಶಾಂಭವಿ ಒಮ್ಮೆ ಓದಿದಳು, ಮತ್ತೊಮ್ಮೆ ಓದಿದಳು. ಪರೀಕ್ಷೆಗೆಂದು ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ಮೇಲೆ ಎಲ್ಲೂ ಎದುರಾಗದ ಒಂದು ಸಾಲು ಅವಳೊಳಗೆ ಎದ್ದು ಕೂತಿತು. ಕೈಗವಸು ಕಿತ್ತು ಎಸೆದು, "ಇಸಿಜಿ" ಎಂದಳು.

ಯಂತ್ರದಿಂದ ಹೊರಬಂದ ಕಾಗದದ ಮೇಲೆ ಗೆರೆ, ಎರಡು ಗೂಟದ ನಡುವೆ ಜೋತುಬಿದ್ದ ಬಟ್ಟೆ ಒಣಹಾಕುವ ಹಗ್ಗದ ಹಾಗೆ ಕೆಳಕ್ಕೆ ಬಾಗಿತ್ತು. "ಇವರು ಹೃದಯಕ್ಕೆ ಮಾತ್ರೆ ತಗೋತಾರಾ?" ಶಾಂಭವಿ ಕೇಳಿದಳು.

"ಹೌದ್ರಿ, ಮೂರು ತಿಂಗಳಾತು" ಎಂದಳು ಶೈಲಜಾ. "ಎದಿ ಬಡಿತ ತಪ್ಪತೈತಿ ಅಂತ ಕೊಟ್ಟಾರ. ಆದರ ಹೆಚ್ಚೇನೂ ತಗೊಂಡಿಲ್ರಿ. ವಾರಕ್ಕ ಐದು ದಿನ ಅಷ್ಟ, ಗುರುವಾರ ಐತವಾರ ಬ್ಯಾಡ ಅಂದಾರ. ಆ ಎರಡು ದಿನ ಅತ್ತಿ ಮಾತ್ರಿ ಮುಟ್ಟೋದಿಲ್ಲ. ನಾನ ಕಣ್ಣಾರೆ ನೋಡೀನಿ."

ಶಾಂಭವಿಯ ಮುಖ ಸಣ್ಣಗಾಯಿತು. ಪ್ರಮಾಣ ಸರಿಯಾಗಿದೆ, ರಜೆಯ ದಿನಗಳೂ ಸರಿಯಾಗಿವೆ. ಹಾಗಾದರೆ ಈ ಹಳದಿ ಎಲ್ಲಿಂದ ಬಂತು? ನಾಡಿ ಆಗ ಮೂವತ್ತೆಂಟಕ್ಕೆ ಇಳಿದಿತ್ತು. ಮಾತ್ರೆಯಲ್ಲದೆ ಬೇರೆ ಕಾರಣವಿದ್ದರೆ ಚಿಕಿತ್ಸೆಯ ದಾರಿಯೇ ಬೇರೆ.

"ಚೀಲ ಸುರೀರಿ" ಎಂದರು ಗುರುಬಸಮ್ಮ.

ಇದು ಅವರ ಎರಡನೆಯ ಪದ್ಧತಿ. ಯಾವ ರೋಗಿ ಬಂದರೂ ಮನೆಯವರ ಕೈಚೀಲವನ್ನು ಸ್ಟೀಲಿನ ತಟ್ಟೆಗೆ ಸುರಿಸುತ್ತಾರೆ. ಶೈಲಜಾ ಸುರಿದಳು. ಬಾಚಣಿಗೆ, ಕರವಸ್ತ್ರ, ಆಧಾರ್ ಕಾರ್ಡು, ಒಂದು ನಿಂಬೆಹಣ್ಣು, ಮಾತ್ರೆಯ ಎರಡು ಹಾಳೆ. ಗುರುಬಸಮ್ಮ ಒಂದು ಹಾಳೆ ಎತ್ತಿಕೊಂಡರು. ಬೆರಳಿಗೆ ಬೂದಿ ಹತ್ತಿತು. ಮೂಗಿನ ಹತ್ತಿರ ತಂದರು. ವಿಭೂತಿ.

"ಈ ಮಾತ್ರಿ ಮನ್ಯಾಗ ಎಲ್ಲಿ ಇರತಾವ?"

"ದೇವರ ಕ್ವಾಣ್ಯಾಗ ರೀ. ಪೂಜಿ ಮುಗದ ಮ್ಯಾಲ ಅತ್ತಿ ತಾವ ತಗೊಂತಾರ. ಆ ಹೊತ್ತಿನಾಗ ನಾವ್ಯಾರೂ ಒಳಗ ಹೋಗೋದಿಲ್ಲ."

ಗುರುಬಸಮ್ಮನ ಕಣ್ಣ ಮುಂದೆ ಕುರುಗೋಡಿನ ತಮ್ಮ ಮನೆಯ ದೇವರ ಜಗುಲಿ ಬಂತು. ಅವ್ವ ಜ್ವರದಲ್ಲಿ ಮಲಗಿ ಎರಡು ದಿನ ಪತ್ರೆ ಏರಿಸುವುದು ತಪ್ಪಿದರೆ, ಎದ್ದ ಮೇಲೆ ಸೋಮವಾರ ಆ ಎರಡು ದಿನದ ಪತ್ರೆಯನ್ನೂ ಸೇರಿಸಿ ಏರಿಸುತ್ತಿದ್ದಳು. ಶಿವನ ಬಾಕಿ ಉಳಿಸಿಕೊಳ್ಳಬಾರದು ಎನ್ನುತ್ತಿದ್ದಳು. ನಿನ್ನೆ ಸೋಮವಾರ.

ಅವರು ಕೊಟ್ರಮ್ಮನ ಕೈ ಹಿಡಿದುಕೊಂಡರು. "ಅಮ್ಮ, ನಿನ್ನಿ ಪೂಜಿ ಆದ ಮ್ಯಾಲ ಮಾತ್ರಿ ತಗೊಂಡ್ರಲ್ಲ, ಎಷ್ಟು ತಗೊಂಡ್ರಿ? ಬೆರಳು ತೋರಸ್ರಿ."

ಕೊಟ್ರಮ್ಮ ಕಷ್ಟಪಟ್ಟು ಕೈ ಎತ್ತಿದರು. ವಿಭೂತಿ ಬಳಿದುಕೊಳ್ಳುವ ಅದೇ ಮೂರು ಬೆರಳು.

"ಮೂರು?" ಎಂದಳು ಶಾಂಭವಿ.

"ನಿನ್ನಿದೊಂದು. ಗುರುವಾರದ್ದೊಂದು, ಐತವಾರದ್ದೊಂದು." ಕೊಟ್ರಮ್ಮನ ದನಿ ನೂಲಿನಷ್ಟು ತೆಳ್ಳಗಿತ್ತು, ಆದರೂ ಅದರಲ್ಲಿ ನಿಯಮ ತಪ್ಪದವರ ಬಿಗುಮಾನವಿತ್ತು. "ಬಿಡು ಅಂದರು, ಬಿಟ್ಟೆ. ಬಿಟ್ಟದ್ದನ್ನ ಸೋಮವಾರ ತೀರಸಬೇಕಲ್ಲವ್ವ. ಪೂಜಿ ತೀರಸತೀವಿ, ಔಷಧಿ ತೀರಸಬಾರದೇನು?"

ಮೂರು ತಿಂಗಳು, ಪ್ರತಿ ಸೋಮವಾರ ಮೂರು. ವಯಸ್ಸಾದ ಮೂತ್ರಪಿಂಡಗಳು ಅದನ್ನು ಹೊರಗೆ ಹಾಕಲು ಆ ಎರಡು ದಿನದ ಬಿಡುವೇ ಬೇಕಾಗಿತ್ತು. ಬಿಡುವು ಸಿಗದೆ ಔಷಧಿ ಮೈಯಲ್ಲೇ ಉಳಿಯುತ್ತ ಬಂತು. ಮೇಲೆ ಬೇರಿನ ರಸದಿಂದ ವಾಂತಿಯಾಗಿ ಮೈಯ ನೀರೂ ಬತ್ತಿತು. ಮನೆಯವರು ಯಾರೂ ವಿಷ ಹಾಕಿರಲಿಲ್ಲ. ಕೊಟ್ರಮ್ಮನ ಭಕ್ತಿಯೂ ತಪ್ಪಾಗಿರಲಿಲ್ಲ. ಬಿಡುವುದು ಕೂಡ ಔಷಧಿಯ ಒಂದು ಭಾಗ ಎಂದು ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ, ಅಷ್ಟೆ.

ಆಮೇಲೆ ಶಾಂಭವಿ ಯಾರನ್ನೂ ಏನೂ ಕೇಳಲಿಲ್ಲ. ನಾಡಿ ಏರಿಸುವ ಇಂಜೆಕ್ಷನ್ನು ಕೊಟ್ಟಳು, ರಕ್ತದ ಉಪ್ಪಿನಂಶ ನೋಡಲು ಮಾದರಿ ಕಳಿಸಿದಳು, ಹೃದಯದ ಹಿರಿಯ ಡಾಕ್ಟರಿಗೆ ಫೋನು ಮಾಡಿ ಎರಡೇ ವಾಕ್ಯದಲ್ಲಿ ಸಂಗತಿ ಹೇಳಿದಳು. ಒಂದು ಸಲ ಕಾಗದದ ಮೇಲಿನ ಗೆರೆ ಉಸಿರು ಬಿಗಿಹಿಡಿದಷ್ಟು ಹೊತ್ತು ಮಟ್ಟಸವಾಗಿ ಓಡಿತು. ಶೈಲಜಾ ಅತ್ತೆಯ ಪಾದ ಗಟ್ಟಿಯಾಗಿ ಹಿಡಿದುಕೊಂಡಳು. ಮತ್ತೆ ಗೆರೆ ಎದ್ದಿತು. ನಲವತ್ತು, ನಲವತ್ತಾರು, ಐವತ್ತೆರಡು. ಗುರುಬಸಮ್ಮ ಪ್ರತಿಯೊಂದನ್ನೂ ಗಟ್ಟಿಯಾಗಿ ಹೇಳುತ್ತಿದ್ದರು. ಬೆಂಚಿನ ಮೇಲೆ ಕೂತವನಿಗೂ ಕೇಳಲಿ ಎಂದು.

ಅರವತ್ತು ಎಂದಾಗ ಮರಿಬಸಪ್ಪ ಎದ್ದು ಬಾಗಿಲಿಗೆ ಹೋದ. "ಹೋಗಪಾ ನೀನು" ಎಂದು ಆಟೋದವನಿಗೆ ಹೇಳಿದ. ಆಟೋದವನು, "ಬೇರಿನವರು?" ಎಂದ. "ಅವರಿಗೂ ಇವತ್ತು ಬಿಡುವು" ಎಂದ ಮರಿಬಸಪ್ಪ.

ಕೊಟ್ರಮ್ಮ ನಾಲ್ಕು ದಿನ ತೀವ್ರ ನಿಗಾ ಘಟಕದಲ್ಲಿದ್ದರು. ಅನ್ನದ ಹಳದಿ ಒಮ್ಮೆಲೇ ಹೋಗಲಿಲ್ಲ. ಎರಡನೆಯ ದಿನ ನಿಂಬೆ, ಮೂರನೆಯ ದಿನ ಬೆಣ್ಣೆ ಎಂದು ಅವರೇ ಬಣ್ಣಕ್ಕೆ ದರ್ಜೆ ಕಟ್ಟುತ್ತ ಹೋದರು. ಡ್ಯೂಟಿ ಮುಗಿದ ಮೇಲೆ ಗುರುಬಸಮ್ಮ ದಿನವೂ ಮೆಟ್ಟಿಲು ಹತ್ತಿ ಹೋಗಿ ಅದನ್ನು ಕೇಳಿ ಬರೆದುಕೊಂಡು ಬರುತ್ತಿದ್ದರು. ಅವರ ಮೊಣಕಾಲು ಈಗ ಮೊದಲಿನಂತಿಲ್ಲ. ಲಿಫ್ಟಿಗೆ ಕಾದು ನಿಲ್ಲುವ ತಾಳ್ಮೆ ಮಾತ್ರ ಅವರಿಗೆ ಎಂದೂ ಇರಲಿಲ್ಲ.

ಆರನೆಯ ದಿನ ಭಾನುವಾರ. ಶೈಲಜಾ ಮನೆಯಿಂದ ಡಬ್ಬಿ ತಂದಿದ್ದಳು. ಕೊಟ್ರಮ್ಮ ನಾಲ್ಕು ಅಗುಳು ಅಂಗೈ ಮೇಲೆ ಹಾಕಿಕೊಂಡು, ಕಿಟಕಿಯ ಬೆಳಕಿಗೆ ಹಿಡಿದು, ಒಂದನ್ನು ಉಗುರಿನಿಂದ ಒತ್ತಿ ನೋಡಿದರು. "ಹೋದ ವರ್ಷದ ಅಕ್ಕಿ. ನೀರು ಒಂದು ಲೋಟ ಹೆಚ್ಚಾಗೈತಿ."

"ಬಣ್ಣ?" ಎಂದು ಕೇಳಿದರು ಗುರುಬಸಮ್ಮ.

"ಅನ್ನಕ್ಕ ಯಾವ ಬಣ್ಣ ಇರತೈತೆವ್ವ, ಬೆಳ್ಳಗೈತಿ." ಹೇಳಿದ ಮೇಲೆ ಕೊಟ್ರಮ್ಮ ಸೊಸೆಯ ಕಡೆ ನೋಡದೆಯೇ ಡಬ್ಬಿಯನ್ನು ಅವಳ ಕಡೆ ಸರಿಸಿದರು. "ನೀ ಉಂಡಿಲ್ಲ ಕಾಣತೈತಿ. ಬಾ, ಇದರಾಗ ಕೈ ಹಾಕು. ನೀರು ಹೆಚ್ಚಾದರೂ ಕೈ ಚಲೋ ಐತಿ ನಿಂದು."

ಶೈಲಜಾ ಸೆರಗಿನಿಂದ ಮೂಗು ಒರೆಸಿಕೊಂಡು ಮಂಚದ ಅಂಚಿಗೆ ಕೂತಳು. "ಇವತ್ತು ಐತವಾರ ಅತ್ತಿ, ಮಾತ್ರಿ ಇಲ್ಲ" ಎಂದಳು.

"ಗೊತ್ತೈತಿ ಬಿಡ. ಡಾಕ್ಟ್ರು ಈಗ ಯಾವ ವಾರನೂ ಇಲ್ಲ ಅಂದಾರ. ನಾಳಿ ತೀರಸಂಗೂ ಇಲ್ಲ ಅಂದಾರ. ಶಿವಾ, ಈ ಬಾಕಿ ನಿನ್ನ ಕಡಿಗೇ ಇರಲಿ."

ಮೂವರೂ ನಕ್ಕರು. ಗುರುಬಸಮ್ಮ ನೋಟುಬುಕ್ಕು ತೆಗೆದು, ಮಂಗಳವಾರದ ಪುಟ ಹುಡುಕಿ, "ಅನ್ನ ಹಳದಿ" ಎಂದಿದ್ದ ಸಾಲಿನ ಕೆಳಗೆ "ಅನ್ನ ಬೆಳ್ಳಗೈತಿ" ಎಂದು ಬರೆದರು.

ಸಿರುಗುಪ್ಪದ ಕಾಲದ ಮೊದಲ ನೋಟುಬುಕ್ಕು ಇನ್ನೂ ಅವರ ಟ್ರಂಕಿನಲ್ಲಿದೆ. ಅದರಲ್ಲಿ ಮೇಷ್ಟ್ರು ಹೇಳಿದ ಆ ಮೊದಲ ಸಾಲಿನ ಕೆಳಗೆ ಒಂದು ಸಾಲಿನಷ್ಟು ಜಾಗ ಇಂದಿಗೂ ಖಾಲಿ ಇದೆ. ಅಲ್ಲಿ ಅವರು ಏನನ್ನೂ ಬರೆದಿಲ್ಲ. ಆ ರಾತ್ರಿ ಮನೆಗೆ ಹೋಗಿ ಅದನ್ನು ತೆಗೆದು ನೋಡಿದರೋ ಇಲ್ಲವೋ, ಮರುದಿನ ಬೆಳಿಗ್ಗೆ ಎಂಟಕ್ಕೆ ಮಾತ್ರ ಅವರು ಎಂದಿನಂತೆ ಮೇಜಿನ ಹಿಂದೆ ಇದ್ದರು. ಬಾಗಿಲಲ್ಲಿ ಯಾರೋ ಒಬ್ಬನನ್ನು ಹೊತ್ತು ತಂದರು. ಹೊತ್ತು ತಂದವರು ಒಟ್ಟಿಗೆ ನಾಲ್ಕು ಕಾಯಿಲೆಯ ಹೆಸರು ಹೇಳಿದರು. ಗುರುಬಸಮ್ಮ ಅವರ ನಡುವೆ ದಾರಿ ಮಾಡಿಕೊಂಡು ಹೋಗಿ ಮಲಗಿದವನ ಕಿವಿಯ ಹತ್ತಿರ ಬಗ್ಗಿದರು.

"ನೀ ಹೇಳಪಾ. ಏನಾಗತೈತಿ?"